ಆರು ವೈರಿನ ಆಕ್ಸಿಲರೇಟರ್ ಪೆಡಲ್, ಮೂರು ಪಿನ್ನಿನ ಕಂಟ್ರೋಲರ್: ಜೋಡಿಸುವುದು ಹೇಗೆ?

ಪ್ರಶ್ನೆ: ಮೇಡಂ, ನಮಸ್ಕಾರ. ಹಳೇ ಪೆಟ್ರೋಲ್ ಕಾರೊಂದನ್ನು ನಾನೇ ಎಲೆಕ್ಟ್ರಿಕ್ ಮಾಡುತ್ತಿದ್ದೇನೆ. ಮೋಟರ್, ಕಂಟ್ರೋಲರ್ ಕೂರಿಸಿ ಆಗಿದೆ. ಬ್ಯಾಟರಿ ಪ್ಯಾಕ್ 96 ವೋಲ್ಟ್. ಮೊದಲಿದ್ದ ಕೇಬಲ್ ಪೆಡಲ್ ತೆಗೆದು, ಬೇರೆ ಕಾರಿನ ಎಲೆಕ್ಟ್ರಾನಿಕ್ ಪೆಡಲ್ ಹಾಕುತ್ತಿದ್ದೇನೆ. ಅದರಿಂದ ಆರು ವೈರ್ ಬರುತ್ತವೆ. ಕಂಟ್ರೋಲರ್‌ನಲ್ಲಿ ಥ್ರಾಟಲ್‌ಗೆ ಇರುವುದು ಮೂರೇ ಪಿನ್: 5 ವೋಲ್ಟ್, ಸಿಗ್ನಲ್, ಗ್ರೌಂಡ್. ಆರರಲ್ಲಿ ಯಾವ ಮೂರನ್ನು ಜೋಡಿಸಲಿ? ಮಲ್ಟಿಮೀಟರ್‌ನಲ್ಲಿ ಓಮ್ಸ್ ನೋಡಿದೆ. ಪೆಡಲ್ ಎಷ್ಟು ಒತ್ತಿದರೂ ರೀಡಿಂಗ್ ಅಲ್ಲಾಡುತ್ತಿಲ್ಲ. ಪೆಡಲ್ ಹಾಳಾಗಿದೆಯಾ?

ಉತ್ತರ (ವಾಹನ ಎಲೆಕ್ಟ್ರಾನಿಕ್ಸ್ ಎಂಜಿನಿಯರ್): ನಮಸ್ಕಾರ. ಹಾಳಾಗಿದೆ ಅಂತ ಈಗಲೇ ತೀರ್ಮಾನ ಮಾಡಬೇಡಿ. ಈಚಿನ ಬಹಳಷ್ಟು ಪೆಡಲ್‌ಗಳಲ್ಲಿ ಹಾಲ್ ಸೆನ್ಸರ್ (ಆಯಸ್ಕಾಂತದ ಮೂಲಕ ಪೆಡಲ್ ಎಲ್ಲಿದೆ ಅಂತ ಅಳೆಯುವ ಚಿಪ್) ಇರುತ್ತದೆ. ಒಂದಕ್ಕೊಂದು ಉಜ್ಜುವ ಭಾಗವೇ ಅದರಲ್ಲಿಲ್ಲ. ಅದಕ್ಕೆ 5 ವೋಲ್ಟ್ ಕೊಟ್ಟಾಗ ಮಾತ್ರ ಸಿಗ್ನಲ್ ಹೊರಗೆ ಬರುತ್ತದೆ. ಸಪ್ಲೈ ಇಲ್ಲದೆ ಓಮ್ಸ್ ನೋಡಿದರೆ ಬರುವ ಅಂಕಿಗೆ ಅರ್ಥವಿಲ್ಲ. ಹಳೇ ಪೆಡಲ್‌ಗಳಲ್ಲಿ ಪೊಟೆನ್ಶಿಯೋಮೀಟರ್, ಅಂದರೆ ತಿರುಗಿಸಿದಂತೆ ಬದಲಾಗುವ ರೆಸಿಸ್ಟರ್, ಇರುತ್ತಿತ್ತು. ಅಲ್ಲಿ ಎರಡು ತುದಿಗಳ ನಡುವೆ ಓಮ್ಸ್ ಹಾಗೇ ನಿಲ್ಲುತ್ತದೆ, ನಡುವಿನ ವೈರಿನದ್ದು ಪೆಡಲ್ ಜೊತೆ ಬದಲಾಗುತ್ತದೆ. ನಿಮ್ಮದು ಅದಲ್ಲ ಅನ್ನಿಸುತ್ತದೆ.

ಆರು ವೈರ್ ಅಂದರೆ ಒಂದೇ ಪೆಡಲ್‌ನಲ್ಲಿ ಎರಡು ಬೇರೆ ಬೇರೆ ಸೆನ್ಸರ್. ಒಂದೊಂದಕ್ಕೂ ತನ್ನದೇ 5 ವೋಲ್ಟ್, ತನ್ನದೇ ಗ್ರೌಂಡ್, ತನ್ನದೇ ಸಿಗ್ನಲ್. ಯಾವ ಪಿನ್ ಯಾವುದು ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ವೈರಿನ ಬಣ್ಣ ನೋಡಿ ಊಹೆ ಮಾಡಲೇಬೇಡಿ. ಪೆಡಲ್ ಮೇಲಿರುವ ಪಾರ್ಟ್ ನಂಬರ್ ಹಿಡಿದು ಆ ಕಾರಿನ ವೈರಿಂಗ್ ಡಯಾಗ್ರಾಂ ಹುಡುಕಿ. ಅದೇ ಮಾಡೆಲ್ ಕಾರು ಕೈಗೆ ಸಿಕ್ಕರೆ ಇನ್ನೂ ಒಳ್ಳೆಯದು. ಪ್ಲಗ್ ಹಾಕಿದಂತೆಯೇ ಇರಲಿ, ಕೀ ಆನ್ ಮಾಡಿ, ಪ್ಲಗ್ಗಿನ ಹಿಂಬದಿಯಿಂದ ಸಣ್ಣ ಪ್ರೋಬ್ ತೂರಿಸಿ ಆರೂ ಪಿನ್‌ನ ವೋಲ್ಟೇಜ್ ಬರೆದುಕೊಳ್ಳಿ. ಎರಡರಲ್ಲಿ 5 ವೋಲ್ಟ್ ಆಸುಪಾಸು, ಎರಡರಲ್ಲಿ ಸೊನ್ನೆ, ಉಳಿದ ಎರಡು ಪೆಡಲ್ ಒತ್ತಿದಂತೆ ಬದಲಾಗುತ್ತವೆ. ಅವೇ ಸಿಗ್ನಲ್.

ಮೊದಲ ಸಿಗ್ನಲ್ ಹೆಚ್ಚಾಗಿ 0.7 ವೋಲ್ಟ್ ಹತ್ತಿರ ಶುರುವಾಗಿ, ಪೂರ್ತಿ ಒತ್ತಿದಾಗ 4 ವೋಲ್ಟ್ ಆಸುಪಾಸಿಗೆ ಹೋಗುತ್ತದೆ. ಎರಡನೆಯದು ಹಲವು ಪೆಡಲ್‌ಗಳಲ್ಲಿ ಮೊದಲನೆಯದರ ಸರಿ ಅರ್ಧ. ಇನ್ನು ಕೆಲವದರಲ್ಲಿ ಎರಡೂ ಒಂದೇ ಅಳತೆಯಲ್ಲಿ ಏರುತ್ತವೆ, ನಡುವೆ ಒಂದಿಷ್ಟು ಅಂತರ ಇಟ್ಟುಕೊಂಡು. ಒಂದು ಏರುತ್ತಾ ಇನ್ನೊಂದು ಇಳಿಯುವ ಪೆಡಲ್‌ಗಳೂ ಇವೆ. ಸೊನ್ನೆಯಿಂದ 5ರ ತನಕ ಪೂರ್ತಿ ಬಳಸದೆ ಎರಡೂ ತುದಿಯಲ್ಲಿ ಜಾಗ ಬಿಟ್ಟಿರುವುದಕ್ಕೆ ಕಾರಣ ಇದೆ. ವೈರ್ ಕಟ್ಟಾದರೆ ಅಥವಾ ಶಾರ್ಟ್ ಆದರೆ ಸಿಗ್ನಲ್ ಆ ಖಾಲಿ ಜಾಗಕ್ಕೆ ಹೋಗಿ ಬೀಳುತ್ತದೆ. ಕಂಟ್ರೋಲರ್‌ಗೆ ಆಗ ಗೊತ್ತಾಗುತ್ತದೆ, ಇದು ಕಾಲು ಒತ್ತಿದ್ದಲ್ಲ, ಏನೋ ಕೆಟ್ಟಿದೆ ಅಂತ.

ಸುಮ್ನೆ ಚೆಕ್ ಮಾಡಲಿಕ್ಕೆ ಅಂತಲೂ 12 ವೋಲ್ಟ್ ಕೊಡಬೇಡಿ, ಒಳಗಿನ ಚಿಪ್ ಸುಟ್ಟುಹೋಗಬಹುದು. ಕಂಟ್ರೋಲರ್ ಕೊಡುವ 5 ವೋಲ್ಟನ್ನೇ ಬಳಸಿ. ಈ ಸೆನ್ಸರ್‌ಗಳ ಸಿಗ್ನಲ್ ಸಪ್ಲೈ ವೋಲ್ಟೇಜಿನ ಇಂತಿಷ್ಟು ಪಾಲು ಅಂತ ಲೆಕ್ಕ. ಸಪ್ಲೈ 4.8 ಆದರೆ ಸಿಗ್ನಲ್ಲೂ ಅದೇ ಪಾಲಿನಲ್ಲಿ ಇಳಿಯುತ್ತದೆ. ಕಂಟ್ರೋಲರ್ ಅಳೆಯುವುದೂ ಅದೇ 5 ವೋಲ್ಟಿಗೆ ಹೋಲಿಸಿ ಆದರೆ ಎರಡೂ ಸರಿಹೋಗುತ್ತವೆ. ಬೇರೆ ಕಡೆಯಿಂದ ತಂದ 5 ವೋಲ್ಟಿನಲ್ಲಿ ಈ ಅನುಕೂಲ ಇಲ್ಲ.

ನೀವು ಕೇಳಿದ್ದಕ್ಕೆ ನೇರ ಉತ್ತರ: ಮೊದಲ ಸೆನ್ಸರಿನ ಮೂರು ವೈರನ್ನು ಕಂಟ್ರೋಲರ್‌ನ ಮೂರು ಪಿನ್‌ಗೆ ಕೊಟ್ಟರೆ ಕಾರು ಓಡುತ್ತದೆ. ಆದರೆ ಎರಡನೇ ಸೆನ್ಸರ್ ಸುಮ್ಮನೆ ಬಿಡಬೇಡಿ ಅಂತ ಕೇಳಿಕೊಳ್ಳುತ್ತೇನೆ.

ಪ್ರಶ್ನೆ: ಥ್ಯಾಂಕ್ಸ್ ಮೇಡಂ. ಆದರೆ ನನ್ನ ಕಂಟ್ರೋಲರ್‌ಗೆ ಎರಡನೇ ಸಿಗ್ನಲ್ ಓದಲಿಕ್ಕೇ ಬರುವುದಿಲ್ಲ. ಒಂದು ಸಿಗ್ನಲ್ ಮೇಲೆ ಓಡಿಸಿದರೆ ನಿಜವಾಗಿ ಏನು ಅಪಾಯ?

ಉತ್ತರ: ಒಂದೊಂದೇ ವೈರ್ ಕಟ್ಟಾದರೆ ಏನಾಗುತ್ತದೆ ನೋಡೋಣ. 5 ವೋಲ್ಟಿನ ವೈರ್ ಕಟ್ಟಾದರೆ ಸಿಗ್ನಲ್ ಸೊನ್ನೆ ಕಡೆಗೆ ಬೀಳುತ್ತದೆ, ಕಾರು ನಿಲ್ಲುತ್ತದೆ. ಸಿಗ್ನಲ್ ವೈರ್ ಕಟ್ಟಾದರೆ ಇನ್‌ಪುಟ್ ಗಾಳಿಯಲ್ಲಿ ತೇಲುತ್ತದೆ, ಯಾವ ವೋಲ್ಟೇಜ್ ಬೇಕಾದರೂ ತೋರಿಸಬಹುದು. ಇದಕ್ಕೆ ಕಂಟ್ರೋಲರ್ ತುದಿಯಲ್ಲಿ ಸಿಗ್ನಲ್‌ಗೂ ಥ್ರಾಟಲ್ ಗ್ರೌಂಡ್‌ಗೂ ನಡುವೆ ಒಂದು ಪುಲ್‌ಡೌನ್ ರೆಸಿಸ್ಟರ್ (ತೇಲುವ ಸಿಗ್ನಲ್ಲನ್ನು ಸೊನ್ನೆಗೆ ಎಳೆದಿಡುವ ರೆಸಿಸ್ಟರ್) ಬೇಕು. ಕೆಲವು ಕಂಟ್ರೋಲರ್‌ಗಳಲ್ಲಿ ಒಳಗೇ ಇರುತ್ತದೆ, ಮ್ಯಾನ್ಯುಯಲ್ ನೋಡಿ. ಇಲ್ಲದಿದ್ದರೆ 47ರಿಂದ 100 ಕಿಲೋ ಓಮ್ ಸಾಕು. ಅದಕ್ಕಿಂತ ತುಂಬಾ ಕಡಿಮೆ ಹಾಕಿದರೆ ಸಿಗ್ನಲ್ಲನ್ನೇ ಎಳೆದುಬಿಡಬಹುದು.

ನನಗೆ ಹೆದರಿಕೆ ಇರುವುದು ಗ್ರೌಂಡ್ ವೈರಿನ ಬಗ್ಗೆ. ಸೆನ್ಸರಿನ ಗ್ರೌಂಡ್ ಕಟ್ಟಾದರೆ ಸಿಗ್ನಲ್ 5 ವೋಲ್ಟ್ ಕಡೆಗೆ ಏರುತ್ತದೆ. ಮೇಲಿನ ಮಿತಿ ನೋಡದ ಸಾದಾ ಕಂಟ್ರೋಲರ್‌ಗೆ ಅದು ಪೂರ್ತಿ ಒತ್ತಿದ ಪೆಡಲ್. ಕಾಲು ಬ್ರೇಕ್ ಮೇಲಿದ್ದರೂ ಮೋಟರ್ ಫುಲ್ ಟಾರ್ಕ್ ಕೊಡುತ್ತದೆ. ಒಂದು ಸಣ್ಣ ಕ್ರಿಂಪ್ ಸಡಿಲ ಆಗಿದ್ದಕ್ಕೆ! ನಿಮ್ಮ ಕಂಟ್ರೋಲರ್ ಸೆಟ್ಟಿಂಗ್‌ನಲ್ಲಿ ಥ್ರಾಟಲ್ ಫಾಲ್ಟ್‌ನ ಮೇಲಿನ ಮಿತಿ ಇದ್ದರೆ, ಪೆಡಲಿನ ಗರಿಷ್ಠ ವೋಲ್ಟೇಜಿಗಿಂತ ಸ್ವಲ್ಪವೇ ಮೇಲೆ ಇಡಿ. ಗರಿಷ್ಠ 4 ಇದ್ದರೆ 4.5 ಸಾಕು.

ಇದಿಷ್ಟೂ ತೀರಾ ಎದ್ದುಕಾಣುವ ದೋಷಗಳಿಗೆ. ಸೆನ್ಸರ್ ಕೆಟ್ಟು 2.5 ವೋಲ್ಟಿನಲ್ಲೇ ಅಂಟಿ ನಿಂತರೆ? ಮಿತಿಯ ಒಳಗೇ ಇದೆ. ಒಂದೇ ಸಿಗ್ನಲ್ ನೋಡುವ ಕಂಟ್ರೋಲರ್‌ಗೆ ಅದು ಸುಳ್ಳು ಅಂತ ತಿಳಿಯುವ ದಾರಿಯೇ ಇಲ್ಲ. ಎರಡನೇ ಸೆನ್ಸರ್ ಇರುವುದು ಇದಕ್ಕೇ. ಎಲೆಕ್ಟ್ರಿಕ್ ಕಾರು ಕಟ್ಟಿ ಸ್ಪರ್ಧೆ ಮಾಡುವ ಫಾರ್ಮುಲಾ ಸ್ಟೂಡೆಂಟ್ ಕಾಲೇಜು ತಂಡಗಳ ನಿಯಮದಲ್ಲಿ ಒಂದು ಒಳ್ಳೆ ಲೆಕ್ಕ ಇದೆ: ಎರಡು ಸೆನ್ಸರ್‌ಗಳು ಹೇಳುವ ಪೆಡಲ್ ಸ್ಥಾನದಲ್ಲಿ 10 ಶೇಕಡಾಂಶಕ್ಕಿಂತ ಜಾಸ್ತಿ ವ್ಯತ್ಯಾಸ ಬಂದು, ಅದು 100 ಮಿಲಿಸೆಕೆಂಡ್‌ಗಿಂತ ಹೆಚ್ಚು ಹೊತ್ತು ಉಳಿದರೆ, ಮೋಟರ್‌ಗೆ ಹೋಗುವ ಪವರ್ ನಿಲ್ಲಬೇಕು. ನೀವೂ ಅದನ್ನೇ ಇಟ್ಟುಕೊಳ್ಳಿ.

ನಿಮ್ಮಂಥ ಕಂಟ್ರೋಲರ್‌ಗೆ ಒಂದು ಚಿಕ್ಕ ಮೈಕ್ರೋಕಂಟ್ರೋಲರ್ ಬೋರ್ಡ್ ಜೋಡಿಸಬಹುದು. ಅದು ಎರಡೂ ಸಿಗ್ನಲ್ ಓದಿ ಹೋಲಿಸುತ್ತದೆ. ತಾಳೆಯಾಗದಿದ್ದರೆ ಒಂದು ರಿಲೇಯನ್ನು ಆಫ್ ಮಾಡಿ ಕಂಟ್ರೋಲರ್‌ನ ಎನೇಬಲ್ ಲೈನ್ (ಕಂಟ್ರೋಲರ್ ಕೆಲಸ ಮಾಡಲು ಅನುಮತಿ ಕೊಡುವ ವೈರ್) ಕಡಿಯುತ್ತದೆ. ರಿಲೇ ಸಪ್ಲೈ ಇದ್ದಾಗ ಮಾತ್ರ ಕೂಡುವ ಬಗೆಯದ್ದಾಗಿರಲಿ. ಬೋರ್ಡೇ ಸತ್ತುಹೋದರೂ ಕಾರು ನಿಲ್ಲಬೇಕು. ಪ್ರೋಗ್ರಾಂ ಹ್ಯಾಂಗ್ ಆದರೆ ರಿಲೇ ಹಾಗೇ ಕೂಡಿಕೊಂಡಿರಬಾರದು, ಅದಕ್ಕೆ ವಾಚ್‌ಡಾಗ್ (ಪ್ರೋಗ್ರಾಂ ಹ್ಯಾಂಗ್ ಆದರೆ ಬೋರ್ಡನ್ನು ತಾನೇ ರೀಸೆಟ್ ಮಾಡುವ ಟೈಮರ್) ಆನ್ ಇಡಿ. ಇಷ್ಟು ಮಾಡಲು ಮನಸ್ಸಿಲ್ಲ ಅಂದರೆ ಎರಡು ಚಾನೆಲ್ ಓದುವ ಕಂಟ್ರೋಲರ್ ಅಥವಾ ರೆಡಿ ವಿಸಿಯು (ವೆಹಿಕಲ್ ಕಂಟ್ರೋಲ್ ಯೂನಿಟ್) ತೆಗೆದುಕೊಳ್ಳಿ. ಓಪನ್‌ಇನ್ವರ್ಟರ್ ಎಂಬ ಓಪನ್ ಸೋರ್ಸ್ ಬಳಗದ ಬೋರ್ಡ್‌ಗಳಲ್ಲಿ ಎರಡು ಚಾನೆಲ್‌ಗೆ ಬೇರೆ ಬೇರೆ ಕನಿಷ್ಠ, ಗರಿಷ್ಠ ಸೆಟ್ ಮಾಡಬಹುದು.

ಇನ್ನೊಬ್ಬ ಸದಸ್ಯರು: ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ ಮೇಡಂ. ಪೆಡಲ್ ಪಕ್ಕದಲ್ಲೇ ಕಾರಿನ ಬಾಡಿಯಲ್ಲಿ ಬೋಲ್ಟ್ ಇದೆ. ಸೆನ್ಸರ್ ಗ್ರೌಂಡನ್ನು ಅಲ್ಲೇ ಬಾಡಿ ಅರ್ತ್‌ಗೆ ಕೊಟ್ಟರೆ ಒಂದು ವೈರ್ ಉಳಿಯುತ್ತದೆ ಅಲ್ವಾ?

ಉತ್ತರ: ದಯವಿಟ್ಟು ಬೇಡ ಸರ್. ಕಡಿಮೆ ವೋಲ್ಟೇಜಿನ ಹಲವು ಕಂಟ್ರೋಲರ್‌ಗಳಲ್ಲಿ ಥ್ರಾಟಲ್ ಗ್ರೌಂಡ್ ಒಳಗೆ ಪ್ಯಾಕಿನ ಮೈನಸ್‌ಗೇ ಸೇರಿರುತ್ತದೆ. ಅದನ್ನು ಕಾರಿನ ಬಾಡಿಗೆ ಸೇರಿಸಿದ ಕ್ಷಣ 96 ವೋಲ್ಟಿನ ಒಂದು ತುದಿ ಕಾರಿನ ಮೈಗೆ ಅಂಟಿದಂತೆ. ಆಮೇಲೆ ಯಾರಾದರೂ ಬಾಡಿ ಮುಟ್ಟಿಕೊಂಡು ಪ್ಯಾಕಿನ ಪ್ಲಸ್ ಮುಟ್ಟಿದರೆ ಪೂರ್ತಿ ವೋಲ್ಟೇಜ್ ಮೈಮೇಲೆ. ಪ್ಯಾಕ್ ಬಾಡಿಯಿಂದ ಬೇರೆಯಾಗಿಯೇ ಇರಬೇಕು.

ಮೇಲೆ ಹೇಳಿದ ಮೈಕ್ರೋಕಂಟ್ರೋಲರ್ ಬೋರ್ಡ್‌ಗೂ ಇದೇ ಮಾತು. ಅದಕ್ಕೆ ಸಪ್ಲೈ ಬರುವುದು ಕಾರಿನ 12 ವೋಲ್ಟಿನಿಂದ, ಆ 12 ವೋಲ್ಟಿನ ಮೈನಸ್ ಬಾಡಿಯಲ್ಲಿದೆ. ಪೆಡಲಿನ ಎರಡೂ ಸೆನ್ಸರನ್ನು ಅದಕ್ಕೆ ಜೋಡಿಸಿ, ಅದರ ಗ್ರೌಂಡನ್ನು ಕಂಟ್ರೋಲರ್ ಗ್ರೌಂಡಿಗೂ ಸೇರಿಸಿದರೆ ಹಿಂಬಾಗಿಲಿನಿಂದ ಅದೇ ಕನೆಕ್ಷನ್ ಆಯಿತು. ಮೊದಲು ಪ್ಯಾಕ್ ಕಳಚಿ, ಕಂಟ್ರೋಲರ್ ಒಳಗಿನ ಕೆಪಾಸಿಟರ್ ಖಾಲಿಯಾಗಿದೆ ಅಂತ ಮೀಟರ್‌ನಲ್ಲಿ ಖಾತ್ರಿ ಮಾಡಿಕೊಂಡು, ಥ್ರಾಟಲ್ ಗ್ರೌಂಡ್ ಪಿನ್‌ಗೂ ಕಂಟ್ರೋಲರಿನ ಬ್ಯಾಟರಿ ಮೈನಸ್ ಟರ್ಮಿನಲ್‌ಗೂ ಕಂಟಿನ್ಯೂಟಿ ನೋಡಿ. ಇದ್ದರೆ, ಬೋರ್ಡ್‌ಗೆ ಐಸೊಲೇಟೆಡ್ ಡಿಸಿ ಕನ್ವರ್ಟರ್‌ನಿಂದ (ಒಳಬರುವ, ಹೊರಹೋಗುವ ಬದಿಗಳ ನಡುವೆ ನೇರ ಸಂಪರ್ಕ ಇಲ್ಲದ್ದು) ಸಪ್ಲೈ ಕೊಡಿ.

ವೈರ್ ಎಳೆಯುವಾಗ ಶೀಲ್ಡ್ ಇರುವ ಕೇಬಲ್ ಬಳಸಿ. ಶೀಲ್ಡನ್ನು ಕಂಟ್ರೋಲರ್ ತುದಿಯಲ್ಲಿ ಮಾತ್ರ ಥ್ರಾಟಲ್ ಗ್ರೌಂಡ್‌ಗೆ ಕಟ್ಟಿ, ಪೆಡಲ್ ತುದಿಯಲ್ಲಿ ಕತ್ತರಿಸಿ ಟೇಪ್ ಸುತ್ತಿ. ಮೋಟರಿನ ಫೇಸ್ ಕೇಬಲ್‌ಗಳ ಜೊತೆ ಒಂದೇ ಕಟ್ಟಿನಲ್ಲಿ ಕಟ್ಟಬೇಡಿ. ದಾಟಲೇಬೇಕಾದರೆ ಅಡ್ಡಡ್ಡವಾಗಿ ದಾಟಿಸಿ.

ಪ್ರಶ್ನೆ: ಮೇಡಂ, ನಾನೇ ಮತ್ತೆ. ನೀವು ಹೇಳಿದ ಹಾಗೆ ಪಿನ್ ಗುರುತಿಸಿದೆ. ಬಿಟ್ಟಾಗ 0.76 ಮತ್ತು 0.38, ಪೂರ್ತಿ ಒತ್ತಿದಾಗ 3.92 ಮತ್ತು 1.96. ಚಕ್ರ ಎತ್ತಿ ನೋಡಿದರೆ, ಪೆಡಲ್ ಬಿಟ್ಟರೂ ಚಕ್ರ ನಿಧಾನಕ್ಕೆ ತಿರುಗುತ್ತಲೇ ಇದೆ. ಇನ್ನೊಂದು, ಪೆಡಲ್ ಕೊನೆಯಲ್ಲಿ ಟಕ್ ಅಂತ ಒಂದು ಕ್ಲಿಕ್ ಬರುತ್ತದೆ.

ಉತ್ತರ: ಎರಡನೇ ಸಿಗ್ನಲ್ ಮೊದಲನೆಯದರ ಸರಿ ಅರ್ಧ ಇದೆ, ಪೆಡಲ್ ಆರೋಗ್ಯವಾಗಿದೆ. ಚಕ್ರ ತಿರುಗುತ್ತಿರುವುದು ಸೆಟ್ಟಿಂಗ್ ಸಮಸ್ಯೆ ಅನ್ನಿಸುತ್ತದೆ. ಕಂಟ್ರೋಲರ್ ಸೊನ್ನೆಯಿಂದ 5ರ ತನಕ ಅಂತ ಲೆಕ್ಕ ಹಾಕುತ್ತಿದ್ದರೆ, ಬಿಟ್ಟ ಪೆಡಲಿನ 0.76 ಕೂಡ ಅದಕ್ಕೆ ಸುಮಾರು 15 ಶೇಕಡಾ ಒತ್ತಿದಂತೆ ಕಾಣುತ್ತದೆ. ಥ್ರಾಟಲ್ ಶುರುವಾಗುವ ಹಂತವನ್ನು 0.9 ವೋಲ್ಟಿಗೆ ಇಡಿ. ಚಳಿ, ಬಿಸಿಲು, ಸ್ಪ್ರಿಂಗ್ ಸವೆತಕ್ಕೆ ಅಷ್ಟು ಜಾಗ ಬೇಕು. ಕೆಳಗಿನ ಫಾಲ್ಟ್ ಮಿತಿ 0.4 ಇರಲಿ.

ಕ್ಲಿಕ್ ಬರುವುದು ಕಿಕ್‌ಡೌನ್‌ಗೆ, ಅಂದರೆ ಪೆಡಲ್ ಪೂರ್ತಿ ಒತ್ತಿದಾಗ ಗೇರ್ ತಾನೇ ಕೆಳಗಿಳಿಯುವುದಕ್ಕೆ. ಆಟೋಮ್ಯಾಟಿಕ್ ಗೇರ್ ಕಾರಿನ ಪೆಡಲ್ ಇರಬೇಕು. ಕ್ಲಿಕ್ಕಿಗೆ ಸ್ವಲ್ಪ ಮೊದಲು ಎಷ್ಟು ವೋಲ್ಟ್ ಇದೆಯೋ ಅದನ್ನೇ ನೂರು ಶೇಕಡಾ ಅಂತ ಇಡಿ.

ಕಂಟ್ರೋಲರ್‌ನಲ್ಲಿ ಹೈ ಪೆಡಲ್ ಲಾಕೌಟ್ ಇದ್ದರೆ ಆನ್ ಮಾಡಿ. ಪೆಡಲ್ ಒತ್ತಿಕೊಂಡು ಕೀ ತಿರುಗಿಸಿದರೆ ಕಾರು ಎದ್ದು ಓಡಬಾರದು. ಬ್ರೇಕ್ ಸ್ವಿಚ್ಚಿನ ವೈರನ್ನೂ ಕೊಡಿ, ಎರಡೂ ಪೆಡಲ್ ಒಟ್ಟಿಗೆ ಒತ್ತಿದಾಗ ಟಾರ್ಕ್ ನಿಲ್ಲುವಂತೆ.

ಚಕ್ರ ಇನ್ನೂ ಮೇಲೇ ಇದೆ ಅಲ್ವಾ? ಹಾಗೇ ಇರಲಿ, ಜ್ಯಾಕ್ ಸ್ಟ್ಯಾಂಡ್ ಮೇಲೆ, ಜ್ಯಾಕ್ ಮೇಲಲ್ಲ. ಟಾರ್ಕ್ ಮಿತಿಯನ್ನು ತೀರಾ ಕಡಿಮೆ ಮಾಡಿ. ಇನ್ನೊಬ್ಬರು ಎಮರ್ಜೆನ್ಸಿ ಕಟಾಫ್ ಮೇಲೆ ಕೈ ಇಟ್ಟುಕೊಂಡು ನಿಂತಿರಲಿ. ಪೆಡಲ್ ಕಾಲು ಭಾಗ ಒತ್ತಿ ಹಿಡಿದು, ಆರು ವೈರನ್ನೂ ಒಂದೊಂದಾಗಿ ಕಳಚಿ ನೋಡಿ. ಕಳಚಲಿಕ್ಕೆ ಅನುಕೂಲ ಆಗುವಂತೆ ಮಧ್ಯೆ ಒಂದು ಟರ್ಮಿನಲ್ ಬ್ಲಾಕ್ ಹಾಕಿಕೊಳ್ಳಿ. ಆರರಲ್ಲಿ ಯಾವುದು ಕಳಚಿದರೂ ಮೋಟರ್ ನಿಲ್ಲಬೇಕು, ಫಾಲ್ಟ್ ಕೋಡ್ ಬರಬೇಕು. ಆಮೇಲೆ ಎರಡು ಸಿಗ್ನಲ್‌ಗಳನ್ನು ಒಂದಕ್ಕೊಂದು ಶಾರ್ಟ್ ಮಾಡಿಯೂ ನೋಡಿ. ನಿಮ್ಮ ಪೆಡಲ್‌ನಲ್ಲಿ ಒಂದು ಇನ್ನೊಂದರ ಅರ್ಧ ಇರುವುದರಿಂದ ಅದೂ ಸಿಕ್ಕಿಬೀಳಬೇಕು. ಪರೀಕ್ಷೆ ಮುಗಿದ ಮೇಲೆ ಟರ್ಮಿನಲ್ ಬ್ಲಾಕ್ ತೆಗೆದು ವೈರನ್ನು ನೇರ ಮಾಡಿ. ಕಂಪನಕ್ಕೆ ಸ್ಕ್ರೂ ಸಡಿಲ ಆಗುವ ಜಾಗ ಅಲ್ಲಿ ಇರಬಾರದು.

ಪೆಡಲ್ ಕೂರಿಸುವಾಗ ಇನ್ನೊಂದು: ಪೂರ್ತಿ ಒತ್ತಿದಾಗ ಅದು ತನ್ನದೇ ಸ್ಟಾಪರ್‌ಗೆ ತಾಗಿ ನಿಲ್ಲಬೇಕು, ಫ್ಲೋರ್ ಮ್ಯಾಟ್‌ಗೆ ಅಲ್ಲ. ಮ್ಯಾಟ್ ಹಾಕಿದ ಮೇಲೂ ಒಮ್ಮೆ ಒತ್ತಿ ಬಿಟ್ಟು ನೋಡಿ. ಆರು ವೈರ್ ಕಳಚಿದಾಗ ಏನೇನಾಯಿತು, ಇಲ್ಲೇ ಬರೆಯಿರಿ. ಯಾವುದಾದರೂ ಒಂದಕ್ಕೆ ಮೋಟರ್ ನಿಲ್ಲದಿದ್ದರೆ, ಚಕ್ರ ಕೆಳಗಿಳಿಸುವ ಮೊದಲೇ ಹೇಳಿ.