ನೋಡ್ ಖಾಲಿ ಇದ್ದರೂ ಜಾಬ್ ಪೆಂಡಿಂಗ್, ಯಾಕೆ?

ಪ್ರಶ್ನೆ, ಧಾರವಾಡದಿಂದ:
ನಮ್ಮ ಕ್ಲಸ್ಟರ್‌ನಲ್ಲಿ (ಒಟ್ಟಿಗೆ ಜೋಡಿಸಿದ ಕಂಪ್ಯೂಟರ್‌ಗಳು) ಜಾಬ್‌ಗಳಿಗೆ ಸರದಿ ಹಚ್ಚುವ ಸಾಫ್ಟ್‌ವೇರ್ ಸ್ಲರ್ಮ್‌ನಲ್ಲಿ ನಿನ್ನೆ ಸಂಜೆ ಜಾಬ್ ಹಾಕಿದ್ದೇನೆ. 4 ನೋಡ್ (ಕ್ಲಸ್ಟರ್‌ನ ಒಂದೊಂದು ಕಂಪ್ಯೂಟರ್), 72 ಗಂಟೆ ಕೇಳಿದ್ದೇನೆ. ಸರದಿ ತೋರಿಸುವ ಎಸ್‌ಕ್ಯೂ (squeue) ಕಮಾಂಡ್ ಕೊಟ್ಟರೆ ಇನ್ನೂ ‘ಪಿಡಿ’ (ಪೆಂಡಿಂಗ್), ಪಕ್ಕದಲ್ಲಿ ಕಾರಣ ‘ಪ್ರಯಾರಿಟಿ’. ನನ್ನ ನಂತರ ಬಂದವರದ್ದು ಆಗಲೇ ಓಡುತ್ತಿದೆ. ಇಲ್ಲೂ ವಶೀಲಿನಾ?

ಉತ್ತರ, ಹುಬ್ಬಳ್ಳಿ ವಿದ್ಯಾನಗರದಿಂದ:
ಇಲ್ಲ ತಮ್ಮಾ, ಅದು ಬ್ಯಾಕ್‌ಫಿಲ್. ದೊಡ್ಡ ಜಾಬ್‌ಗೆ ಬೇಕಾದಷ್ಟು ನೋಡ್ ಒಟ್ಟಿಗೆ ಸಿಗುವ ತನಕ ಕೆಲವು ಸುಮ್ನೆ ಕೂತಿರುತ್ತವೆ. ಅಷ್ಟರೊಳಗೆ ಮುಗಿಯುವ ಸಣ್ಣ ಜಾಬ್ ಇದ್ದರೆ ಸ್ಲರ್ಮ್ ಒಳಗೆ ಬಿಡುತ್ತದೆ. ಎಕ್ಸ್‌ಪ್ರೆಸ್ ಬರುವ ಮುಂಚೆ ಪ್ಯಾಸೆಂಜರ್ ಗಾಡಿ ಬಿಟ್ಟ ಹಾಗೆ. ನಿನಗೆ ನಿಜಕ್ಕೂ 72 ಗಂಟೆ ಬೇಕಾ? ಹಿಂದಿನ ಜಾಬ್ ಎಷ್ಟು ಹೊತ್ತು ಓಡಿತ್ತು ಅಂತ ಎಸ್‌ಆ್ಯಕ್ಟ್ (sacct) ಕಮಾಂಡ್‌ನಲ್ಲಿ ನೋಡು. 20 ಗಂಟೆ ಆಗಿದ್ದರೆ 26 ಕೇಳು ಸಾಕು. ತೀರಾ ಬಿಗಿ ಮಾಡಬೇಡ, ಸಮಯ ಮೀರಿದರೆ ಜಾಬ್ ಕೊಂದೇ ಬಿಡುತ್ತದೆ. ರದ್ದು ಮಾಡಿ ಮತ್ತೆ ಹಾಕುವುದೂ ಬೇಡ. ಎಸ್‌ಕಂಟ್ರೋಲ್ (scontrol) ಕಮಾಂಡ್‌ನಿಂದ ಸಮಯ ಇಳಿಸಬಹುದು.

ಇನ್ನೊಂದು ಉತ್ತರ, ಗದಗದಿಂದ:
ಫೇರ್‌ಶೇರ್ (ಎಲ್ಲರಿಗೂ ನ್ಯಾಯವಾದ ಪಾಲು) ಕೂಡ ಇದೆ ಅಲ್ವಾ? ನಿಮ್ಮ ಲ್ಯಾಬಿನವರು ಇತ್ತೀಚೆಗೆ ಜಾಸ್ತಿ ಬಳಸಿದ್ದರೆ ನಿಮ್ಮ ಆದ್ಯತೆಯೂ ಇಳಿಯುತ್ತದೆ. ಎಸ್‌ಪ್ರಯೋ (sprio) ಕಮಾಂಡ್ ಕೊಟ್ಟರೆ ಆ ಆದ್ಯತೆಯನ್ನು ಬಿಡಿಸಿ ತೋರಿಸುತ್ತದೆ. ಬೇಸತ್ತು ಲಾಗಿನ್ ನೋಡ್ (ಎಲ್ಲರೂ ಲಾಗಿನ್ ಆಗುವ ಕಂಪ್ಯೂಟರ್) ಮೇಲೆ ಮಾತ್ರ ಜಾಬ್ ಓಡಿಸಬೇಡಿ, ಎಲ್ಲರೂ ಬೈಯುತ್ತಾರೆ.