ಗು ಸುಂಗ್-ಜುನ್ ಹಿಂದಿರುಗಿದ್ದು ನಂಬುವಂತಿದೆಯೇ?

ಪ್ರಶ್ನೆ (ಬೀದರ್): 2019ರ ಡಿಸೆಂಬರಿನಿಂದ 2020ರ ಫೆಬ್ರವರಿವರೆಗೆ ಪ್ರಸಾರವಾದ, 16 ಕಂತುಗಳ ಕೊರಿಯನ್ ಧಾರಾವಾಹಿ ‘ಕ್ರ್ಯಾಶ್ ಲ್ಯಾಂಡಿಂಗ್ ಆನ್ ಯು’ ಈಗಷ್ಟೇ ನೋಡಿ ಮುಗಿಸಿದೆ. ನಾಯಕಿ ಸೆ-ರಿಯ ಅಣ್ಣನಿಗೆ ಟೋಪಿ ಹಾಕಿ ಉತ್ತರ ಕೊರಿಯಾದಲ್ಲಿ ಅಡಗಿದ್ದ ಸುಂಗ್-ಜುನ್, ಪಾರಾಗಲು ವಿಮಾನ ಸಿದ್ಧವಿದ್ದಾಗಲೂ, ಅಪಹೃತಳಾದ ಸೊ ಡಾನ್‌ಳನ್ನು ಬಿಡಿಸಲು ಹಿಂದಿರುಗಿ ಗುಂಡಿಗೆ ಬಲಿಯಾಗುತ್ತಾನೆ. ಅಷ್ಟು ಲೆಕ್ಕಾಚಾರದ ಮನುಷ್ಯ ಒಮ್ಮೆಲೇ ಹೀಗೆ ಬದಲಾಗುವನೇ?

ಉತ್ತರ (ಕಲಬುರಗಿ): ಒಮ್ಮೆಲೇ ಅಲ್ಲ, ಅಕ್ಕಾವರೇ. ಅವನಿಗೆ ಸೆ-ರಿ ದಕ್ಕಲಿಲ್ಲ, ಡಾನ್‌ಳಿಗೆ ನಿಶ್ಚಯವಾದ ವರ, ಕಥಾನಾಯಕ ಜೊಂಗ್-ಹ್ಯೋಕ್ ದಕ್ಕಲಿಲ್ಲ. ಬೇಡವೆನಿಸಿಕೊಂಡ ಇಬ್ಬರೂ ಮಾತಿಗೆ ಮಾತು ಬೆಳೆಸುತ್ತಲೇ ಹತ್ತಿರವಾದುದನ್ನು ಕಂತುಗಳು ನಿಧಾನವಾಗಿ ತೋರಿಸಿವೆ. ನಮ್ಮ ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ‘ಈ ಹುಡುಗ ಓಡಿ ಹೋಗುವವನಲ್ಲ’ ಎಂದು ಮೊದಲೇ ಹೇಳಿದ್ದರು.

ಉತ್ತರ (ಯಾದಗಿರಿ): ಅವನ ಉದ್ದೇಶ ಒಪ್ಪುತ್ತೇನೆ, ಸಾವನ್ನು ಒಪ್ಪಲಾರೆ. ನಾಯಕ-ನಾಯಕಿಯರಿಗೆ ಸ್ವಿಟ್ಜರ್ಲೆಂಡಿನಲ್ಲಿ ವರ್ಷಕ್ಕೆ ಎರಡು ವಾರಗಳ ಭೇಟಿಯನ್ನಾದರೂ ಉಳಿಸಿದ ಕಥೆ, ಎರಡನೆಯ ಜೋಡಿಯ ಪಾಲಿನ ಕಣ್ಣೀರನ್ನೆಲ್ಲ ಇವನ ಮೇಲೆಯೇ ಹೊರಿಸಿದೆ. ನಿಜಕ್ಕೂ ಹೊಂದದ ತಿರುವೆಂದರೆ, ಗಡಿಯ ಎರಡು ಬದಿಯವರಾದ ಉತ್ತರ ಕೊರಿಯಾದ ನಾಯಕ, ದಕ್ಷಿಣ ಕೊರಿಯಾದ ನಾಯಕಿ ಹಿಂದೆ ಅದೇ ದೇಶದಲ್ಲಿ ಪರಸ್ಪರ ಅರಿಯದೆ ಎದುರಾಗಿದ್ದರೆಂಬ ಕಾಕತಾಳೀಯ.

ಪ್ರಶ್ನಿಸಿದವರು: ಬೇಡವೆನಿಸಿಕೊಂಡ ಇಬ್ಬರೆಂಬ ಮಾತು ನನಗೆ ಹೊಳೆದಿರಲಿಲ್ಲ. ಆದರೆ ನಾಯಕ ನುಡಿಸಿದ ಪಿಯಾನೊವನ್ನು ಸೆ-ರಿ ಅಂದು ಸ್ವಿಟ್ಜರ್ಲೆಂಡಿನಲ್ಲಿ ಕೇಳಿದ್ದಳೆಂಬ ಆ ಕಾಕತಾಳೀಯವನ್ನು ಮಾತ್ರ ನಾನು ಬಿಟ್ಟುಕೊಡುವುದಿಲ್ಲ, ಸರ್. ಪ್ರೇಮಕಥೆಯಲ್ಲಿ ಅಷ್ಟು ಸಲಿಗೆ ಇರಲಿ.