ಮದುವೆ ವಿಡಿಯೊ ಎಡಿಟಿಂಗ್‌ಗೆ ಹೊಸ ಪಿಸಿ: ಈ ಪಟ್ಟಿ ಸರಿಯಿದೆಯೇ? ಇನ್ವರ್ಟರ್ ಇದ್ದೂ ರೀಸ್ಟಾರ್ಟ್ ಆಗುವುದೇಕೆ?

ಶಿರಸಿ ಸ್ಟುಡಿಯೊ:
ಎಲ್ಲರಿಗೂ ನಮಸ್ಕಾರ. ಶಿರಸಿ ಹತ್ತಿರ ಫೋಟೊ ಸ್ಟುಡಿಯೊ ನಡೆಸುತ್ತೇನೆ. ಮದುವೆ, ಉಪನಯನದ ವಿಡಿಯೊಗಳೇ ಮುಖ್ಯ ಕೆಲಸ. ಸೋನಿ ಎ7 ಮಾರ್ಕ್ 4 ತಗೊಂಡ ಮೇಲೆ ಫುಟೇಜ್ ಎಲ್ಲ 4ಕೆ, 10 ಬಿಟ್ 4:2:2 (ಬಣ್ಣದ ವಿವರ ಜಾಸ್ತಿ ಇರುವುದು), ಎಚ್.265 (ವಿಡಿಯೊ ಕುಗ್ಗಿಸುವ ಕೋಡೆಕ್). ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್ ಪ್ರೊದಲ್ಲಿ ಹಳೇ ಪಿಸಿಗೆ ಇದು ತಡೆಯುತ್ತಿಲ್ಲ. ಮಾಂಗಲ್ಯಧಾರಣೆಯ ಒಂದು ಕಟ್ ನೋಡಬೇಕೆಂದರೂ ಟೈಮ್‌ಲೈನ್ ನಿಂತು ನಿಂತು ಓಡುತ್ತದೆ.

ಅಂಗಡಿಯವರು ಬರೆದುಕೊಟ್ಟ ಪಟ್ಟಿ: ಇಂಟೆಲ್ ಐ5 14400ಎಫ್, ಎಚ್610 ಬೋರ್ಡ್, 16 ಜಿಬಿ ರ‍್ಯಾಮ್ (ಒಂದೇ ಸ್ಟಿಕ್), ಆರ್‌ಟಿಎಕ್ಸ್ 3060 12 ಜಿಬಿ ಗ್ರಾಫಿಕ್ಸ್ ಕಾರ್ಡ್, 1 ಟಿಬಿ ಎನ್‌ವಿಎಂಇ, ಕ್ಯಾಬಿನೆಟ್ ಜೊತೆಗೇ ಬರುವ 500 ವ್ಯಾಟ್ ಎಸ್‌ಎಂಪಿಎಸ್ (ಪಿಸಿಯ ಪವರ್ ಸಪ್ಲೈ).

ಇನ್ನೊಂದು ತೊಂದರೆ. ಮನೆಗೆ ಇನ್ವರ್ಟರ್ ಇದೆ. ಕರೆಂಟ್ ಹೋದರೆ ಫ್ಯಾನು, ಲೈಟು ಆರಾಮಾಗಿ ನಡೆಯುತ್ತವೆ, ಪಿಸಿ ಮಾತ್ರ ರೀಸ್ಟಾರ್ಟ್ ಆಗುತ್ತದೆ. ಮಳೆಗಾಲದಲ್ಲಿ ಎಕ್ಸ್‌ಪೋರ್ಟ್ ಹಾಕಿ ಮಲಗುವ ಹಾಗೇ ಇಲ್ಲ. ಹೊಸ ಪಿಸಿಗೂ ಇದೇ ಗತಿಯಾದರೆ ಏನು ಮಾಡಲಿ?

ಕಡಲತಡಿ:
ಪಟ್ಟಿ ಪರವಾಗಿಲ್ಲ ಸರ್. 3060 ಬದಲು 4060 ಹಾಕಿಸಿ, ಕರೆಂಟೂ ಕಮ್ಮಿ ತಿನ್ನುತ್ತದೆ. ಕಾರ್ಡ್ ಇದ್ದ ಮೇಲೆ ಎಫ್ ಪ್ರೊಸೆಸರ್ ಸಾಕು, ದುಡ್ಡು ಉಳಿಯುತ್ತದೆ.

ಬೆಸುಗೆ:
ಗೇಮ್ ಆಡುವವರಿಗಾದರೆ ಕಡಲತಡಿಯವರು ಹೇಳಿದ್ದು ಪೂರ್ತಿ ಸರಿ. ಈ ಫುಟೇಜ್‌ಗೆ ಮಾತ್ರ ಎಫ್ ಬೇಡವೇ ಬೇಡ.

3060 ಇರಲಿ, 4060 ಇರಲಿ, ಎಚ್.265ರ 4:2:0 (ಬಣ್ಣದ ವಿವರ ಕಡಿಮೆ ಇರುವ) ಫುಟೇಜನ್ನು ಸಲೀಸಾಗಿ ಬಿಡಿಸುತ್ತವೆ, ಅಂದರೆ ಡಿಕೋಡ್ ಮಾಡುತ್ತವೆ. 4:2:2 ಬಿಡಿಸುವ ಹಾರ್ಡ್‌ವೇರ್ ಅವುಗಳಲ್ಲಿ ಇಲ್ಲ. ಆಗ ಭಾರವೆಲ್ಲ ಪ್ರೊಸೆಸರ್ ಕೋರ್‌ಗಳ ಮೇಲೆ ಬಿದ್ದು ಟೈಮ್‌ಲೈನ್ ತಡವರಿಸುತ್ತದೆ. ಇಂಟೆಲ್ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ನಲ್ಲಿ ಕ್ವಿಕ್ ಸಿಂಕ್ ಅಂತ ಒಂದು ಭಾಗವಿದೆ. 12ರಿಂದ 14ನೇ ಪೀಳಿಗೆಯವುಗಳಲ್ಲಿ ಅದು ಎಚ್.265 10 ಬಿಟ್ 4:2:2 ಅನ್ನು ನೇರ ಬಿಡಿಸುತ್ತದೆ. ಎಫ್ ಅಂತ ಇದ್ದರೆ ಆ ಗ್ರಾಫಿಕ್ಸೇ ಇರುವುದಿಲ್ಲ. ಅಂದರೆ ಅಂಗಡಿಯವರ ಪಟ್ಟಿಯಲ್ಲಿ ನಿಮಗೆ ಅತಿ ಮುಖ್ಯವಾದ ಭಾಗವನ್ನೇ ಕೈಬಿಟ್ಟಿದ್ದಾರೆ.

ಆದ್ದರಿಂದ ಎಫ್ ಇಲ್ಲದ ಐ5 14400 ಕೇಳಿ. ಬಜೆಟ್ ಸ್ವಲ್ಪ ಎಳೆದರೆ ಐ5 14500 ಇನ್ನೂ ಒಳ್ಳೆಯದು. 14 ಕೋರ್ ಜೊತೆಗೆ ಯುಎಚ್‌ಡಿ 770 ಗ್ರಾಫಿಕ್ಸ್ ಬರುತ್ತದೆ, ಅದರಲ್ಲಿ ವಿಡಿಯೊ ಎಂಜಿನ್ ಎರಡು. ಮಲ್ಟಿಕ್ಯಾಮ್ ಎಡಿಟ್ ಮಾಡುವವರಿಗೆ ಅದು ಉಪಯೋಗ. ಆರ್‌ಟಿಎಕ್ಸ್ 50 ಸರಣಿಯ ಕಾರ್ಡ್‌ಗಳಲ್ಲಿ 4:2:2 ಡಿಕೋಡ್ ಬಂದಿದೆ. 5060 ಕೈಗೆಟುಕಿದರೆ ಲೆಕ್ಕ ಬೇರೆ, ಆದರೆ ಅದರಲ್ಲಿ ಮೆಮೊರಿ 8 ಜಿಬಿ. ಈಗಿನ ಬಜೆಟ್‌ಗೆ 14500 ಮತ್ತು 3060 12 ಜಿಬಿ ಜೋಡಿಯೇ ನನ್ನ ಆಯ್ಕೆ.

ಒಂದು ಎಚ್ಚರಿಕೆ: ಕ್ಯಾಮೆರಾದಲ್ಲಿ ಎಕ್ಸ್‌ಎವಿಸಿ ಎಚ್‌ಎಸ್ ಇಟ್ಟರೆ ಎಚ್.265, ಬರೀ ಎಕ್ಸ್‌ಎವಿಸಿ ಎಸ್ ಇಟ್ಟರೆ ಎಚ್.264. ಎಚ್.264ರ 4:2:2ಕ್ಕೆ ಈ ಪೀಳಿಗೆಯ ಕ್ವಿಕ್ ಸಿಂಕ್ ನೆರವಾಗದು, ಪ್ರಾಕ್ಸಿ (ಎಡಿಟ್‌ಗೆಂದು ಮಾಡುವ ಹಗುರ ಪ್ರತಿ) ಮಾಡಿಕೊಳ್ಳಬೇಕು.

ರ‍್ಯಾಮ್ ಎರಡು 16 ಜಿಬಿ ಸ್ಟಿಕ್ ಹಾಕಿಸಿ. ಬೋರ್ಡ್ ಬಿ760 ಇರಲಿ. ಎಚ್610ರಲ್ಲಿ ರ‍್ಯಾಮ್ ಸ್ಲಾಟ್ ಎರಡೇ, ನಾಳೆ ಎರಡನೇ ಎನ್‌ವಿಎಂಇ ಹಾಕಲು ಜಾಗವೂ ಸಾಮಾನ್ಯವಾಗಿ ಇರುವುದಿಲ್ಲ. ಡಿಡಿಆರ್4, ಡಿಡಿಆರ್5 ಎರಡಕ್ಕೂ ಬಿ760 ಬೋರ್ಡ್‌ಗಳಿವೆ, ಒಂದರ ರ‍್ಯಾಮ್ ಇನ್ನೊಂದಕ್ಕೆ ಕೂರುವುದಿಲ್ಲ. ಬಿಲ್ ಮಾಡಿಸುವ ಮೊದಲು ನೋಡಿಕೊಳ್ಳಿ.

ಕ್ಯಾಬಿನೆಟ್ ಜೊತೆ ಬರುವ ಎಸ್‌ಎಂಪಿಎಸ್ ದಯವಿಟ್ಟು ಬೇಡ. ಕರೆಂಟ್ ವಿಷಯ ತಂತಿಮನೆಯವರು ನನಗಿಂತ ಚೆನ್ನಾಗಿ ಹೇಳುತ್ತಾರೆ.

ತಂತಿಮನೆ:
ಇನ್ವರ್ಟರ್ ಹಿಂದುಗಡೆ ಯುಪಿಎಸ್ / ಇಕೊ ಅಂತ ಸ್ವಿಚ್ ಇದೆಯಾ ನೋಡಿ. ಯಾವುದರಲ್ಲಿದೆ?

ಶಿರಸಿ ಸ್ಟುಡಿಯೊ:
ಇದೆ, ಇಕೊದಲ್ಲಿದೆ. ಹಾಕಿಕೊಟ್ಟವರು ಹಾಗೇ ಇಟ್ಟು ಹೋಗಿದ್ದಾರೆ. ಸೈನ್ ವೇವ್ ಇನ್ವರ್ಟರ್. ಸಂಜೆ ಹೊತ್ತು ನಮ್ಮಲ್ಲಿ ವೋಲ್ಟೇಜ್ 170ಕ್ಕೂ ಇಳಿಯುತ್ತದೆ.

ತಂತಿಮನೆ:
ರೀಸ್ಟಾರ್ಟ್‌ಗೆ ಕಾರಣ ಅದೇ. ಕರೆಂಟ್ ಹೋಗಿ ಬ್ಯಾಟರಿ ಹಿಡಿದುಕೊಳ್ಳುವ ಮಧ್ಯೆ ಒಂದು ಸಣ್ಣ ಅಂತರವಿರುತ್ತದೆ. ಒಳ್ಳೆಯ ಎಸ್‌ಎಂಪಿಎಸ್ ತನ್ನ ಕೆಪಾಸಿಟರ್ ಬಲದಿಂದ ಪೂರ್ತಿ ಲೋಡ್‌ನಲ್ಲೂ ಸುಮಾರು 16 ಮಿಲಿಸೆಕೆಂಡ್ ತಡೆದುಕೊಳ್ಳುತ್ತದೆ. ಅಗ್ಗದ್ದರಲ್ಲಿ ಅಷ್ಟು ದಮ್ಮಿರುವುದಿಲ್ಲ. ಇಕೊದಲ್ಲಿ ಈ ಅಂತರ ಅದಕ್ಕಿಂತ ಜಾಸ್ತಿ, ಯುಪಿಎಸ್ ಮೋಡ್‌ನಲ್ಲಿ ಕಡಿಮೆ. ಫ್ಯಾನಿಗೆ ಇದು ಗೊತ್ತೇ ಆಗುವುದಿಲ್ಲ.

ಹಾಗಂತ ಯುಪಿಎಸ್‌ಗೆ ತಿರುಗಿಸಿ ಮರೆತರೆ ನಿಮ್ಮ ಊರಲ್ಲಿ ಬೇರೆ ಸಮಸ್ಯೆ. ಆ ಮೋಡ್‌ನಲ್ಲಿ ವೋಲ್ಟೇಜ್ 180ರ ಆಸುಪಾಸಿಗೆ ಇಳಿದ ಕೂಡಲೇ ಇನ್ವರ್ಟರ್ ಬ್ಯಾಟರಿಗೆ ಹೋಗುತ್ತದೆ. ಸಂಜೆ ಕರೆಂಟ್ ಇದ್ದರೂ ಬ್ಯಾಟರಿ ಬರಿದಾಗುತ್ತದೆ, ಆಮೇಲೆ ನಿಜವಾಗಿ ಕರೆಂಟ್ ಹೋದಾಗ ಮನೆಗೂ ಇಲ್ಲ, ಪಿಸಿಗೂ ಇಲ್ಲ. ಅದಕ್ಕೇ ಇನ್ವರ್ಟರ್ ಇಕೊದಲ್ಲೇ ಇರಲಿ, ಪಿಸಿಗೆ ಮಾತ್ರ ಪ್ರತ್ಯೇಕ ಲೈನ್ ಇಂಟರಾಕ್ಟಿವ್ ಯುಪಿಎಸ್ ಹಾಕಿ. ಅದರೊಳಗಿನ ಎವಿಆರ್ (ವೋಲ್ಟೇಜ್ ಸರಿಪಡಿಸುವ ಭಾಗ) ಬ್ಯಾಟರಿ ಮುಟ್ಟದೆಯೇ 170ನ್ನು ಎತ್ತಿಕೊಡುತ್ತದೆ.

ಎಲ್ಲರೂ ತರುವ 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಅಷ್ಟೇ. 3060 ಒಂದೇ 170 ವ್ಯಾಟ್ ಎಳೆಯುತ್ತದೆ, 14500 ಪೂರ್ತಿ ಓಡಿದರೆ 154ರ ತನಕ ಹೋಗುತ್ತದೆ, ಮೇಲೆ ಬೋರ್ಡು, ಡಿಸ್ಕು, ಮಾನಿಟರು. ಎಕ್ಸ್‌ಪೋರ್ಟ್ ನಡುವೆ ಕರೆಂಟ್ ಹೋದರೆ ಆ ಯುಪಿಎಸ್ ಓವರ್‌ಲೋಡ್ ಆಗಿ ಆಫ್ ಆಗುತ್ತದೆ. 1100 ವಿಎ, 600 ವ್ಯಾಟ್‌ಗಿಂತ ಮೇಲಿನದು ತನ್ನಿ. ಸಾಧ್ಯವಾದರೆ ಪ್ಯೂರ್ ಸೈನ್ ವೇವ್, ಯಾಕೆಂದರೆ ಆಕ್ಟಿವ್ ಪಿಎಫ್‌ಸಿ ಇರುವ ಎಸ್‌ಎಂಪಿಎಸ್‌ಗಳು ಕೆಲವೊಮ್ಮೆ ಮೆಟ್ಟಿಲಿನಂಥ ವೇವ್‌ಗೆ ಒಗ್ಗುವುದಿಲ್ಲ. ಎಸ್‌ಎಂಪಿಎಸ್ 650 ವ್ಯಾಟ್, 80 ಪ್ಲಸ್ ಬ್ರಾಂಜ್, ಹೆಸರಿರುವ ಕಂಪನಿಯದು.

ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದಾ? ಹಾಗಿದ್ದರೆ ಅರ್ಥಿಂಗ್ ಇಲ್ಲ. ಪಿಸಿ ತರುವ ಮೊದಲೇ ಎಲೆಕ್ಟ್ರಿಷಿಯನ್‌ಗೆ ಹೇಳಿ ಅದನ್ನು ಸರಿ ಮಾಡಿಸಿ. ಮಲೆನಾಡಿನ ಗುಡುಗು ಮಳೆಯಲ್ಲಿ ಇದನ್ನು ಮುಂದೂಡಬೇಡಿ. ಸಿಡಿಲು ಶುರುವಾದರೆ ಪ್ಲಗ್ ಕಿತ್ತು, ನೆಟ್ ಕೇಬಲ್ಲೂ ಬಿಚ್ಚಿಡಿ.

ಶಿರಸಿ ಸ್ಟುಡಿಯೊ:
ಇಬ್ಬರಿಗೂ ತುಂಬಾ ಧನ್ಯವಾದ. ನೀವು ಹೇಳಿದ ಪಟ್ಟಿಯಂತೆಯೇ ಕಟ್ಟಿಸಿದೆ, ಅರ್ಥಿಂಗೂ ಆಯಿತು. ಮೇನ್ ಸ್ವಿಚ್ ಆಫ್ ಮಾಡಿ ನೋಡಿದೆ, ಎಕ್ಸ್‌ಪೋರ್ಟ್ ನಿಲ್ಲಲಿಲ್ಲ. ಆದರೆ ಟೈಮ್‌ಲೈನ್ ಇನ್ನೂ ತಡವರಿಸುತ್ತಿದೆ! ಟಾಸ್ಕ್ ಮ್ಯಾನೇಜರ್‌ನಲ್ಲಿ ಎನ್‌ವಿಡಿಯಾ ಕಾರ್ಡ್ ಒಂದೇ ಕಾಣುತ್ತದೆ.

ಬೆಸುಗೆ:
ಇಂಟೆಲ್ ಗ್ರಾಫಿಕ್ಸ್ ಬಂದ್ ಆಗಿದೆ. ಕಾರ್ಡ್ ಹಾಕಿದಾಗ ಎಷ್ಟೋ ಬೋರ್ಡ್‌ಗಳು ಅದನ್ನು ತಾವಾಗಿ ಆಫ್ ಮಾಡುತ್ತವೆ. ಬಯಾಸ್‌ಗೆ (ಪಿಸಿ ಆನ್ ಆಗುವಾಗ ತೆರೆಯುವ ಬೋರ್ಡ್ ಸೆಟ್ಟಿಂಗ್) ಹೋಗಿ ಐಜಿಪಿಯು ಮಲ್ಟಿ ಮಾನಿಟರ್ ಅಥವಾ ಇಂಟರ್ನಲ್ ಗ್ರಾಫಿಕ್ಸ್ ಎಂಬುದನ್ನು ಎನೇಬಲ್ ಮಾಡಿ. ಮಾನಿಟರ್ ಕೇಬಲ್ ಕಾರ್ಡ್‌ನಲ್ಲೇ ಇರಲಿ. ವಿಂಡೋಸ್‌ಗೆ ಬಂದು ಇಂಟೆಲ್ ಗ್ರಾಫಿಕ್ಸ್ ಡ್ರೈವರ್ ಹಾಕಿ. ಆಮೇಲೆ ಪ್ರೀಮಿಯರ್‌ನ ಪ್ರಿಫರೆನ್ಸಸ್, ಮೀಡಿಯಾ ಒಳಗೆ ಹಾರ್ಡ್‌ವೇರ್ ಡಿಕೋಡಿಂಗ್‌ನಲ್ಲಿ ಇಂಟೆಲ್‌ಗೆ ಟಿಕ್ ಹಾಕಿ, ಪ್ರೀಮಿಯರ್ ಮುಚ್ಚಿ ತೆಗೆಯಿರಿ.

ಶಿರಸಿ ಸ್ಟುಡಿಯೊ:
ಆಯಿತು ಸರ್! ಈಗ ಇಂಟೆಲ್ ಜಿಪಿಯು ಕಾಣುತ್ತಿದೆ, ಪ್ಲೇ ಮಾಡಿದರೆ ಅದರ ವಿಡಿಯೊ ಡಿಕೋಡ್ ಗ್ರಾಫ್ ಏರುತ್ತದೆ. ಎರಡು ಕ್ಯಾಮೆರಾದ ಫುಟೇಜ್ ಒಟ್ಟಿಗೆ ಓಡುತ್ತಿದೆ, ಎಲ್ಲೂ ತಡೆಯುತ್ತಿಲ್ಲ.